ಹೋಗಲು ಸಾಕಾದ ಕಾಗದ ಮರಳಿ ಬರಲು ಸಾಕೇ?

ಗಡಿ ದಾಟುವುದು ನಮಗೆ ಹೊಸತಲ್ಲ. ಮಂಜೇಶ್ವರ, ಉಪ್ಪಳ, ಪೆರ್ಲ ಕಡೆಯವರಿಗೆ ಮಂಗಳೂರಿಗೆ ಹೋಗಿ ಬರುವುದೆಂದರೆ ಪೇಟೆಗೆ ಹೋಗಿ ಬಂದಂತೆ. ಆಸ್ಪತ್ರೆ ಅಲ್ಲಿ, ಕಾಲೇಜು ಅಲ್ಲಿ, ಅರ್ಧ ನೆಂಟರಿಷ್ಟರೂ ಅಲ್ಲೇ. ತಲಪಾಡಿ ದಾಟುವಾಗ ರಾಜ್ಯ ಬದಲಾಗುತ್ತದೆ ಎಂಬುದು ಅಂಗಡಿಗಳ ಬೋರ್ಡಿನಿಂದ ಗೊತ್ತಾಗಬೇಕೇ ಹೊರತು, ಬಸ್ಸಿನಲ್ಲಿ ಟಿಕೆಟ್ ಬಿಟ್ಟು ಬೇರೆ ಕಾಗದ ಕೇಳಿದವರಿಲ್ಲ.

ಕೇಳಿದ ಕಾಲವೊಂದು ಬಂದಿತ್ತು. 2020ರ ಮಾರ್ಚ್‌ನಲ್ಲಿ ಕೊರೋನಾ ಭಯದಿಂದ ಕರ್ನಾಟಕ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣಿನ ರಾಶಿ ಬಿತ್ತು. ಆಂಬ್ಯುಲೆನ್ಸ್‌ಗಳೂ ತಲಪಾಡಿಯಿಂದ ಹಿಂದೆ ಬಂದವು. ವಿಷಯ ಕೇರಳ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಮರುವರ್ಷ, 2021ರ ಆಗಸ್ಟ್‌ನಲ್ಲಿ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿ ಇಲ್ಲದವರಿಗೆ ಪ್ರವೇಶವಿಲ್ಲ ಎಂದಾಯಿತು. ಒಂದು ಚೂರು ಕಾಗದಕ್ಕೆ ಎಷ್ಟು ತೂಕವಿದೆ ಎಂದು ಗಡಿನಾಡಿನ ನಾವು ಅಂದು ಕಂಡೆವು.

ಒಂದೇ ದೇಶದೊಳಗಿನ ಗಡಿಯ ಕಥೆಯೇ ಹೀಗಾದರೆ, ದೇಶ ದಾಟುವ ಕಥೆ ಹೇಗಿರಬೇಡ? ಕಾಸರಗೋಡು ಜಿಲ್ಲೆಯಲ್ಲಿ ಗಲ್ಫ್‌ನ ನಂಟಿಲ್ಲದ ಊರು ಹುಡುಕಿದರೂ ಸಿಗದು. ಆದರೂ ಹೊರಡುವ ಗಡಿಬಿಡಿಯಲ್ಲಿ ನಮ್ಮವರು ಏಜೆಂಟರ ಬಳಿ ಕೇಳುವ ಪ್ರಶ್ನೆ ಒಂದೇ: "ಇಷ್ಟು ಕಾಗದ ಇದ್ದರೆ ಹೋಗಲಿಕ್ಕೆ ಆಗ್ತದಾ?" ಕೇಳಬೇಕಾದ ಇನ್ನೊಂದು ಪ್ರಶ್ನೆ ಉಳಿದುಹೋಗುತ್ತದೆ: "ಇದೇ ಕಾಗದದಲ್ಲಿ ತಲೆಯೆತ್ತಿ ಮರಳಿ ಬರಲಿಕ್ಕೆ ಆಗ್ತದಾ?"

ಈ ಲೇಖನ ಆ ಎರಡನೇ ಪ್ರಶ್ನೆಯ ಬಗ್ಗೆ.

ಕರಾಚಿಗೆ ಹೋದವರ ಪಾಠ

ತಪ್ಪು ಕಾಗದದ ಬೆಲೆ ಏನೆಂದು ತಿಳಿಯಲು ಗಲ್ಫ್‌ಗಿಂತ ಹಿಂದಿನ ಕಾಲಕ್ಕೆ ಹೋಗಬೇಕು. ಸ್ವಾತಂತ್ರ್ಯಕ್ಕೆ ಮೊದಲು ಮಲಬಾರ್ ಕರಾವಳಿಯ ಅನೇಕರು ದುಡಿಮೆಗಾಗಿ ಕರಾಚಿಗೆ ಹೋಗುತ್ತಿದ್ದರು. ಚಾ ಹೋಟೆಲು, ಬೀಡಿ, ಸಣ್ಣಪುಟ್ಟ ವ್ಯಾಪಾರ. ಆಗ ಕರಾಚಿ ಎಂದರೆ ಬೊಂಬಾಯಿಯ ಹಾಗೆ ಇನ್ನೊಂದು ಬಂದರು, ಅಷ್ಟೇ. ಪಾಸ್‌ಪೋರ್ಟ್ ಬೇಕಿರಲಿಲ್ಲ.

1947ರಲ್ಲಿ ದೇಶ ಇಬ್ಭಾಗವಾಯಿತು. 1948ರಲ್ಲಿ ಪರ್ಮಿಟ್ ಬಂತು. 1952ರ ಅಕ್ಟೋಬರ್‌ನಿಂದ ಎರಡು ದೇಶಗಳ ನಡುವೆ ಪಾಸ್‌ಪೋರ್ಟ್ ಕಡ್ಡಾಯವಾಯಿತು. ಕರಾಚಿಯಲ್ಲಿದ್ದ ಹೋಟೆಲ್ ಕೆಲಸಗಾರನಿಗೆ ಊರಲ್ಲಿ ಹೆಂಡತಿ ಮಕ್ಕಳಿದ್ದಾರೆ, ತಾಯಿಗೆ ಸೌಖ್ಯವಿಲ್ಲ ಎಂದು ಕಾಗದ ಬಂದಿದೆ. ಬರಬೇಕಾದರೆ ಪಾಸ್‌ಪೋರ್ಟ್ ಬೇಕು. ಅಲ್ಲಿ ಸುಲಭವಾಗಿ ಸಿಗುತ್ತಿದ್ದುದು ಪಾಕಿಸ್ತಾನದ ಪಾಸ್‌ಪೋರ್ಟ್. ಅನೇಕರು ಅದನ್ನೇ ಹಿಡಿದುಕೊಂಡು ಬಂದರು. ಅವರ ಮಟ್ಟಿಗೆ ಅದು ಊರಿಗೆ ಬರುವ ಒಂದು ಟಿಕೆಟ್.

ಕಾನೂನು ಅದನ್ನು ಟಿಕೆಟ್ ಎಂದು ನೋಡಲಿಲ್ಲ. 1955ರಲ್ಲಿ ಪೌರತ್ವ ಕಾಯ್ದೆ, 1956ರಲ್ಲಿ ಅದರ ನಿಯಮಗಳು ಬಂದವು. ಬೇರೆ ದೇಶದ ಪಾಸ್‌ಪೋರ್ಟ್ ಪಡೆದಿದ್ದರೆ ಆ ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದಂತೆ. ಅದಕ್ಕೆ ಪಾಸ್‌ಪೋರ್ಟೇ ಅಂತಿಮ ಪುರಾವೆ ಎಂದು ನಿಯಮ ಹೇಳಿತು. 1962ರಲ್ಲಿ ಇಜ್ಹಾರ್ ಅಹ್ಮದ್ ಖಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನು ಎತ್ತಿಹಿಡಿಯಿತು. ಹುಟ್ಟಿದ ಊರಿನಲ್ಲಿ, ಹುಟ್ಟಿದ ಮನೆಯಲ್ಲಿ ಕುಳಿತಿದ್ದವರು ಕಾಗದದ ಪ್ರಕಾರ ವಿದೇಶೀಯರಾದರು. ಪೊಲೀಸ್ ಠಾಣೆಗೆ ಅಲೆಯುತ್ತಾ, ವೀಸಾ ಅವಧಿ ವಿಸ್ತರಿಸುತ್ತಾ ಮುದುಕರಾದವರಿದ್ದಾರೆ. 2007ರಲ್ಲಿ ಮೋಹನ್‌ಲಾಲ್ ಅಭಿನಯಿಸಿದ 'ಪರದೇಶಿ' ಎಂಬ ಮಲಯಾಳ ಸಿನಿಮಾ ಇವರದೇ ಕಥೆ. ನಮ್ಮಲ್ಲಿ ಅದನ್ನು ನೋಡಿದವರು ಹಲವರಿರಬಹುದು.

ಇದು ಮುಗಿದ ಕಥೆಯೂ ಅಲ್ಲ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಪಾಕಿಸ್ತಾನೀಯರ ವೀಸಾ ರದ್ದಾದಾಗ, ಕಲ್ಲಿಕೋಟೆ ಜಿಲ್ಲೆಯಲ್ಲಿ ಇಂಥ ಹಿರಿಯರಿಗೆ ದೇಶ ಬಿಡಲು ಪೊಲೀಸ್ ನೋಟೀಸು ಹೋಗಿ, ಬಳಿಕ ಅದನ್ನು ಹಿಂತೆಗೆದುಕೊಳ್ಳಲಾಯಿತು. ಎಷ್ಟೋ ದಶಕಗಳ ಹಿಂದೆ ಕೈಗೆ ಬಂದ ಒಂದು ಪುಸ್ತಕ ಇಂದಿಗೂ ಬಾಗಿಲು ತಟ್ಟುತ್ತಿದೆ.

ಆ ಹೋಟೆಲ್ ಕೆಲಸಗಾರನಿಗೆ ಆಯ್ಕೆ ಇರಲಿಲ್ಲ ಎನ್ನಬಹುದು. ನಿಜ. ಆದರೆ ಇಂದು ನಮಗೆ ಆಯ್ಕೆ ಇದೆ. ಆದರೂ ನಾವೇನು ಮಾಡುತ್ತಿದ್ದೇವೆ?

ವಿಸಿಟ್ ವೀಸಾ ಎಂಬ ಅಡ್ಡದಾರಿ

ಪಾಸ್‌ಪೋರ್ಟ್‌ಗಳಲ್ಲಿ ಎರಡು ಬಗೆ ಇದೆ ಎಂಬುದು ಗಲ್ಫ್ ನಂಟಿರುವ ಎಲ್ಲರಿಗೂ ಗೊತ್ತು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ನಲ್ಲಿ ಸಾಮಾನ್ಯವಾಗಿ 'ಇಸಿಆರ್' ಎಂದು ಮುದ್ರೆ ಇರುತ್ತದೆ. ಅಂದರೆ ಯುಎಇ, ಸೌದಿ, ಕತಾರ್, ಒಮಾನ್, ಕುವೈಟ್, ಬಹರೈನ್, ಮಲೇಷ್ಯಾ ಮುಂತಾದ ನಿಗದಿತ ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ಸರಕಾರದ ಎಮಿಗ್ರೇಷನ್ ಅನುಮತಿ ಬೇಕು. ಇದು 1983ರ ಎಮಿಗ್ರೇಷನ್ ಕಾಯ್ದೆಯ ವ್ಯವಸ್ಥೆ. ಎಸ್‌ಎಸ್‌ಎಲ್‌ಸಿ ಪಾಸಾದವರಿಗೆ, 50 ವರ್ಷ ದಾಟಿದವರಿಗೆ, ಆದಾಯ ತೆರಿಗೆ ಕಟ್ಟುವವರಿಗೆ, ಒಟ್ಟು ಮೂರು ವರ್ಷಕ್ಕಿಂತ ಹೆಚ್ಚು ವಿದೇಶದಲ್ಲಿ ಇದ್ದು ಬಂದವರಿಗೆ ಇದು ಬೇಕಿಲ್ಲ.

ನಮ್ಮ ಊರುಗಳಲ್ಲಿ ಇಸಿಆರ್ ಎಂದರೆ ಒಂದು ಅವಮಾನ, ಒಂದು ಕಿರಿಕಿರಿ ಎಂಬ ಭಾವನೆ ಇದೆ. ಏಜೆಂಟರು ಅದಕ್ಕೊಂದು ಮದ್ದು ಹೇಳುತ್ತಾರೆ: "ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಕೆಲಸದ ವೀಸಾ ಮಾಡುವಾ." ವಿಸಿಟ್ ವೀಸಾಕ್ಕೆ ಎಮಿಗ್ರೇಷನ್ ಅನುಮತಿ ಬೇಡ. ವಿಮಾನ ಹತ್ತುವುದು ಸಲೀಸು.

ಸಲೀಸಾದದ್ದು ಹೋಗುವುದು ಮಾತ್ರ. ಬಿಟ್ಟುಹೋದದ್ದು ಏನು ನೋಡಿ. ಅನುಮತಿ ಪಡೆದು ಹೋದವನ ಕೆಲಸದ ಕರಾರು, ಸಂಬಳ, ಮಾಲಕನ ಹೆಸರು ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ದಾಖಲಾಗಿರುತ್ತದೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಇರುತ್ತದೆ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ, ಮೇಲೆ ತೆರಿಗೆ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲನಾದರೆ 10 ಲಕ್ಷ ರೂಪಾಯಿ. ನೋಂದಾಯಿತ ಏಜೆಂಟರು 30 ಸಾವಿರ ರೂಪಾಯಿ ಮತ್ತು ಅದರ ತೆರಿಗೆಗಿಂತ ಹೆಚ್ಚು ಸೇವಾ ಶುಲ್ಕ ಪಡೆಯುವಂತಿಲ್ಲ. ವಿಸಿಟ್ ವೀಸಾದಲ್ಲಿ ಹೋದವನಿಗೆ ಇದರಲ್ಲಿ ಒಂದೂ ಇಲ್ಲ. ಅವನು ಕಾಗದದಲ್ಲಿ ಪ್ರವಾಸಿ. ಕಟ್ಟಡದ ಮೇಲಿನಿಂದ ಬಿದ್ದರೂ ಪ್ರವಾಸಿಯೇ. ಸಂಬಳ ಕೊಡದ ಮಾಲಕನ ಮೇಲೆ ದೂರು ಕೊಡಹೋದರೆ, ಕೆಲಸ ಮಾಡಿದ್ದೇ ಅವನ ಅಪರಾಧವಾಗುತ್ತದೆ.

ಅವಧಿ ಮೀರಿತೆಂದರೆ ಯುಎಇಯಲ್ಲಿ ದಿನಕ್ಕೆ 50 ದಿರ್ಹಂ ದಂಡ. ಒಂದು ತಿಂಗಳಾದರೆ 1,500 ದಿರ್ಹಂ. ಕಟ್ಟಲಾಗದೆ ಅಡಗಿ ಕೂತವರು ಕಾಯುವುದು ಕ್ಷಮಾದಾನಕ್ಕೆ. ಯುಎಇ 2007, 2013, 2018ರಲ್ಲಿ, ಕೊನೆಗೆ 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಇಂಥ ಅವಕಾಶ ಕೊಟ್ಟಿತ್ತು. ಪಾಸ್‌ಪೋರ್ಟ್ ಕೈಯಲ್ಲಿಲ್ಲದವರು ನಮ್ಮ ದೂತಾವಾಸದಿಂದ 'ಎಮರ್ಜೆನ್ಸಿ ಸರ್ಟಿಫಿಕೇಟ್' ಪಡೆದು ಬರುತ್ತಾರೆ. ಗಲ್ಫಿನವರ ಬಾಯಲ್ಲಿ ಅದು 'ಔಟ್‌ಪಾಸ್'. ಒಂದೇ ದಾರಿಯ ಕಾಗದ: ಊರಿಗೆ ತಲುಪಿಸುತ್ತದೆ, ಮತ್ತೆ ಹೋಗಲು ಬರುವುದಿಲ್ಲ. ಗಲ್ಫಿನ ಕನಸು ಆ ಒಂದು ಹಾಳೆಯಲ್ಲಿ ಮುಗಿದ ಮನೆಗಳು ನಮ್ಮ ನಡುವೆ ಇಲ್ಲವೇ?

ಇಸಿಆರ್ ವ್ಯವಸ್ಥೆಯಲ್ಲಿ ದೋಷ ಇಲ್ಲವೆಂದಲ್ಲ. ರಕ್ಷಣೆಗಾಗಿ ಮಾಡಿದ ನಿಯಮ ಕಷ್ಟವಾದಾಗ ಬಡವರು ಅಡ್ಡದಾರಿ ಹಿಡಿಯುತ್ತಾರೆ. ಹಿಡಿದ ಮೇಲೆ ಇದ್ದ ರಕ್ಷಣೆಯೂ ತಪ್ಪುತ್ತದೆ. ಮನೆಗೆಲಸಕ್ಕೆ ಹೋಗುವ ಮಹಿಳೆಯರ ವಿಷಯದಲ್ಲಿ ಇದು ಇನ್ನೂ ಹೆಚ್ಚು. ಅವರನ್ನು ಕೇರಳದಲ್ಲಿ ನೋರ್ಕಾ ರೂಟ್ಸ್, ಒಡೆಪೆಕ್‌ನಂಥ ಸರಕಾರಿ ಸಂಸ್ಥೆಗಳ ಮೂಲಕ ಕಳಿಸಬೇಕೆಂದು ನಿಯಮ ಬಂತು. ಏಜೆಂಟರು ಅವರನ್ನೂ ವಿಸಿಟ್ ವೀಸಾದಲ್ಲಿ ಸಾಗಿಸಿದರು. 1983ರ ಕಾಯ್ದೆಯ ಬದಲು ಹೊಸ ಮಸೂದೆಯ ಕರಡನ್ನು ಕೇಂದ್ರ ಸರಕಾರ 2025ರಲ್ಲಿ ಪ್ರಕಟಿಸಿತು. ಕಾನೂನು ಹೊಸತಾದರೂ ಹಳತಾದರೂ ಒಂದು ಮಾತು ಬದಲಾಗದು: ಕೆಲಸಕ್ಕೆ ಹೋಗುವವನ ಕೈಯಲ್ಲಿ ಕೆಲಸದ ವೀಸಾ ಇರಬೇಕು.

ಮೂರು ಭಾಷೆಯ ನಡುವೆ ಒಂದು ಹೆಸರು

ಇನ್ನು ನಮ್ಮ ಗಡಿನಾಡಿಗೇ ವಿಶೇಷವಾದ ತೊಂದರೆ: ಹೆಸರು.

ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಪಂಚಾಯತ್‌ನಲ್ಲಿ ಮಲಯಾಳ, ಪಾಸ್‌ಪೋರ್ಟ್‌ನಲ್ಲಿ ಇಂಗ್ಲಿಷ್. ಕನ್ನಡದ ರಾಮ ಮಲಯಾಳದ ದಾಖಲೆಯಲ್ಲಿ ರಾಮನ್ ಆಗುತ್ತಾನೆ, ಕೃಷ್ಣ ಕೃಷ್ಣನ್ ಆಗುತ್ತಾನೆ. ಮಂಜೇಶ್ವರ ಮಂಜೇಶ್ವರಂ ಆಗುತ್ತದೆ. ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ಮತ್ತೊಂದು ಸುತ್ತು. ಭಟ್ ಎಂಬುದಕ್ಕೆ ಕೊನೆಯಲ್ಲಿ ಒಂದು 'ಟಿ'ಯೋ ಎರಡೋ? ಮುಹಮ್ಮದ್ ಎಂಬುದಕ್ಕೆ 'ಎಂ' ಆದಮೇಲೆ 'ಯು'ವೋ 'ಓ'ವೋ? ಕಿವಿಗೆ ಎಲ್ಲ ಒಂದೇ. ವಿಮಾನ ನಿಲ್ದಾಣದ ಕಂಪ್ಯೂಟರಿಗೆ ಅವು ಬೇರೆ ಬೇರೆ ಮನುಷ್ಯರು.

ಹುಟ್ಟಿದ ಸ್ಥಳವೂ ಹಾಗೆಯೇ. ನಮ್ಮ ಎಷ್ಟೋ ಮಕ್ಕಳು ಹುಟ್ಟುವುದು ಮಂಗಳೂರಿನ ಆಸ್ಪತ್ರೆಗಳಲ್ಲಿ. ಜನನ ನೋಂದಣಿ ಹೆರಿಗೆ ಆದ ಊರಿನಲ್ಲಿ, ಅಂದರೆ ಕರ್ನಾಟಕದಲ್ಲಿ. ಬೆಳೆದದ್ದು, ಓದಿದ್ದು ಕೇರಳದಲ್ಲಿ. ಅರ್ಜಿಯಲ್ಲಿ 'ಹುಟ್ಟಿದ ಸ್ಥಳ' ಎಂದಾಗ ಮನೆಯ ಊರನ್ನು ಬರೆದುಬಿಡುತ್ತಾರೆ. ಜನನ ಪತ್ರದಲ್ಲಿ ಮಂಗಳೂರು, ಪಾಸ್‌ಪೋರ್ಟ್‌ನಲ್ಲಿ ಕುಂಬಳೆ. ಮುಂದೆ ಎಲ್ಲೋ ಒಂದು ಕಚೇರಿಯಲ್ಲಿ ಇದು ತೊಡಕಾಗುತ್ತದೆ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಬಿ.ಎ. ಮುಗಿಸಿ ಊರಲ್ಲಿದ್ದ 1990ರ ದಶಕದಲ್ಲಿ ನೆರೆಕರೆಯವರ ಪಾಸ್‌ಪೋರ್ಟ್ ಅರ್ಜಿ ತುಂಬಿಸಿ ಕೊಡುವುದು ನನ್ನ ಒಂದು ಕೆಲಸವಾಗಿತ್ತು. ಇಂಗ್ಲಿಷ್ ಬರೆಯಬಲ್ಲವರು ಕಡಿಮೆ. ಅರ್ಜಿ ಕಲ್ಲಿಕೋಟೆಗೆ ಹೋಗಬೇಕು. ಒಬ್ಬರ ಅರ್ಜಿಯಲ್ಲಿ ಇನಿಶಿಯಲ್ ಬಿಡಿಸಿ ಬರೆಯದೆ, ಹೆಸರು ಮಾತ್ರ ಬರೆದು ಕೊಟ್ಟೆ. ಪಾಸ್‌ಪೋರ್ಟ್ ಬಂತು, ಅವರು ಹೋದರು, ನನಗೆ ಸೆಂಟಿನ ಬಾಟಲಿಯೂ ಬಂತು. ವರ್ಷಗಳ ನಂತರ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಹೊರಟಾಗ, ಮಗನ ಜನನ ಪತ್ರದಲ್ಲಿದ್ದ ತಂದೆಯ ಹೆಸರಿಗೂ ಪಾಸ್‌ಪೋರ್ಟ್‌ನ ಹೆಸರಿಗೂ ತಾಳೆಯಾಗಲಿಲ್ಲ. ಅಫಿಡವಿಟ್, ಪತ್ರಿಕಾ ಜಾಹೀರಾತು, ಮರು ಅರ್ಜಿ. ಒಂದು ರಜೆಯ ಕಾಲ ಪೂರ್ತಿ ಕಚೇರಿಗಳಲ್ಲಿ ಕಳೆಯಿತು. ಮಗುವಿನ ಶಾಲೆಯ ಪ್ರವೇಶ ಆ ವರ್ಷ ತಪ್ಪಿತು. ಅವರು ನನ್ನನ್ನು ಬೈಯಲಿಲ್ಲ. ಆದರೆ ತಪ್ಪು ನನ್ನ ಕೈಯದ್ದು.

ಆಗ ಗೊತ್ತಿಲ್ಲದ ಸಂಗತಿ ಈಗ ನಿಯಮವೇ ಆಗಿದೆ. 2022ರ ನವೆಂಬರ್ 21ರಿಂದ ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿರುವವರಿಗೆ ಯುಎಇ ವಿಸಿಟ್ ವೀಸಾದಲ್ಲಿ ಪ್ರವೇಶ ನಿರಾಕರಿಸಿತು. ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕು ಎಂದು ಕೆಲವೇ ದಿನಗಳಲ್ಲಿ ಸ್ಪಷ್ಟನೆ ಬಂತು. ಆದ್ದರಿಂದ ಹೊಸ ಅರ್ಜಿ ಹಾಕುವಾಗ 'ಸರ್‌ನೇಮ್' ಕಾಲಂ ಖಾಲಿ ಬಿಡಬೇಡಿ. ಮನೆ ಹೆಸರೋ ತಂದೆಯ ಹೆಸರೋ, ಯಾವುದಾದರೂ ಸರಿ. ಮನೆಮಂದಿಯ ಎಲ್ಲ ದಾಖಲೆಗಳಲ್ಲೂ ಅದೇ ಕ್ರಮ ಇರಲಿ.

'ಕಾಸರಗೋಡು ಎಂಬಸಿ'ಯ ಕಳಂಕ

ಕಾಗದ ಸರಿಯಿಲ್ಲದಿದ್ದರೆ ಸರಿಮಾಡಿಕೊಳ್ಳುವುದು ಒಂದು ದಾರಿ. ನಕಲಿ ಮಾಡುವುದು ಇನ್ನೊಂದು. ಈ ಎರಡನೇ ದಾರಿಯಿಂದ ನಮ್ಮ ಜಿಲ್ಲೆಗೆ ಗಲ್ಫಿನಲ್ಲಿ ಬಂದ ಹೆಸರು 'ಕಾಸರಗೋಡು ಎಂಬಸಿ'. ನಕಲಿ ಸೀಲು, ತಿದ್ದಿದ ಸರ್ಟಿಫಿಕೇಟ್, ಬೇರೆಯವರ ಪಾಸ್‌ಪೋರ್ಟ್‌ಗೆ ಅಂಟಿಸಿದ ಫೋಟೋ ಇವೆಲ್ಲವನ್ನು ಒಟ್ಟಾಗಿ ಕರೆದ ಹೆಸರು ಅದು. ಕೆಲವರ ದಂಧೆಗೆ ಇಡೀ ಜಿಲ್ಲೆಯ ಜನ ವಿಮಾನ ನಿಲ್ದಾಣಗಳಲ್ಲಿ ಅನುಮಾನದ ಕಣ್ಣಿಗೆ ಗುರಿಯಾದರು.

ಆ ಕಾಲ ಈಗಿಲ್ಲ. ಕೈಬರಹದ ಪಾಸ್‌ಪೋರ್ಟ್‌ಗಳಿಗೆ 2015ರ ನವೆಂಬರ್ 24ಕ್ಕೆ ಅಂತಾರಾಷ್ಟ್ರೀಯ ಮಾನ್ಯತೆ ಮುಗಿಯಿತು. ಈಗ ಬೆರಳಚ್ಚು, ಕಣ್ಣಿನ ಗುರುತು ಎಲ್ಲ ಕಂಪ್ಯೂಟರಿನಲ್ಲಿದೆ. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶೀಯರ ಕಾಯ್ದೆಯ ಪ್ರಕಾರ, ಗೊತ್ತಿದ್ದೂ ನಕಲಿ ಅಥವಾ ಮೋಸದಿಂದ ಪಡೆದ ಪಾಸ್‌ಪೋರ್ಟ್, ವೀಸಾ ಬಳಸಿದವರಿಗೂ ಒದಗಿಸಿದವರಿಗೂ 2ರಿಂದ 7 ವರ್ಷ ಜೈಲು, 1 ಲಕ್ಷದಿಂದ 10 ಲಕ್ಷ ರೂಪಾಯಿ ದಂಡ. ಏಜೆಂಟ್ ತಪ್ಪಿಸಿಕೊಳ್ಳಬಹುದು. ಪುಸ್ತಕದಲ್ಲಿ ಫೋಟೋ ಇರುವವನು ತಪ್ಪಿಸಿಕೊಳ್ಳಲಾರ.

ಚಿಪ್ ಇರುವ ಇ-ಪಾಸ್‌ಪೋರ್ಟ್ ಬಂದಿದೆ, ಹಳೆಯದು ನಡೆಯುವುದಿಲ್ಲ ಎಂದು ಹೇಳಿ ಯಾರಾದರೂ ಹಣ ಕೇಳಿದರೆ ನಂಬಬೇಡಿ. ಹಳೆಯ ಪಾಸ್‌ಪೋರ್ಟ್ ಅದರ ಅವಧಿ ಮುಗಿಯುವವರೆಗೂ ನಡೆಯುತ್ತದೆ. ಆದರೆ ಹೆಚ್ಚಿನ ದೇಶಗಳು ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕೆಂದು ಕೇಳುತ್ತವೆ ಎಂಬುದು ನೆನಪಿರಲಿ.

ಯಾತ್ರೆಗೆ ಹೋಗುವವರಿಗೆ ಆಧಾರ್ ಸಾಲದು

ಗಲ್ಫ್ ಮಾತ್ರವಲ್ಲ, ತೀರ್ಥಯಾತ್ರೆಯಲ್ಲೂ ಇದೇ ಎಡವಟ್ಟು. ಕಾಶಿಗೆ ಹೋದವರು ಹಾಗೇ ನೇಪಾಳದ ಪಶುಪತಿನಾಥ, ಮುಕ್ತಿನಾಥಕ್ಕೂ ಹೋಗಿ ಬರುವುದಿದೆ. ನೇಪಾಳಕ್ಕೆ, ಭೂತಾನಿಗೆ ನಮಗೆ ವೀಸಾ ಬೇಡ. "ಆಧಾರ್ ಇದ್ದರೆ ಸಾಕು" ಎಂದು ಟೂರಿನವರು ಹೇಳುತ್ತಾರೆ. ಎಲ್ಲರಿಗೂ ಸಾಕಾಗದು. ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಬೇಕು. 15 ವರ್ಷಕ್ಕಿಂತ ಚಿಕ್ಕವರು, 65 ದಾಟಿದವರು ಆಧಾರ್ ತೋರಿಸಬಹುದು ಎಂದು ಕೇಂದ್ರ ಗೃಹ ಇಲಾಖೆ 2019ರಲ್ಲಿ ಹೇಳಿದ್ದು ನೇಪಾಳ ಮತ್ತು ಭೂತಾನಿನ ಪ್ರಯಾಣಕ್ಕೆ. ಅಜ್ಜನಿಗೆ ನಡೆದದ್ದು ಮಗನಿಗೆ ನಡೆಯದು! ಇನ್ನು ಕೈಲಾಸ ಮಾನಸ ಸರೋವರ ಇರುವುದು ಟಿಬೆಟಿನಲ್ಲಿ. ಅಲ್ಲಿಗೆ ಪಾಸ್‌ಪೋರ್ಟ್ ಇಲ್ಲದೆ ಆಗದು.

ಹಜ್ ಯಾತ್ರಿಕರಿಗೆ ಹಿಂದೆ ಪ್ರತ್ಯೇಕ ಯಾತ್ರಾ ಪಾಸ್ ಇತ್ತು. 2009ರಿಂದ ಸೌದಿ ಸರಕಾರ ಅಂತಾರಾಷ್ಟ್ರೀಯ ಪಾಸ್‌ಪೋರ್ಟನ್ನೇ ಕೇಳಿತು. ಜೀವಮಾನದಲ್ಲಿ ಒಮ್ಮೆ ಹೋಗುವ ವೃದ್ಧರೂ ಅಂದಿನಿಂದ ಪಾಸ್‌ಪೋರ್ಟ್ ಮಾಡಿಸಲೇಬೇಕು. ಅವರ ಹೆಸರು, ಜನನ ದಿನಾಂಕ ತಾಳೆಮಾಡಲು ಮಕ್ಕಳು ಕೊನೆಯ ತಿಂಗಳವರೆಗೆ ಕಾಯಬಾರದು.

ಹೊರಡುವ ಮೊದಲು

ಪಾಸ್‌ಪೋರ್ಟ್ ಮಾಡಿಸುವುದು ಈಗ ಹಿಂದಿನಷ್ಟು ಕಷ್ಟವಿಲ್ಲ. ಪಯ್ಯನ್ನೂರಿನಲ್ಲಿ ಸೇವಾ ಕೇಂದ್ರವಿದೆ, ಕಾಸರಗೋಡಿನ ಅಂಚೆ ಕಚೇರಿಯಲ್ಲೂ ಕೇಂದ್ರ ಬಂದಿದೆ. 2018ರ ಜೂನ್‌ನಿಂದ ದೇಶದ ಯಾವ ಕೇಂದ್ರದಲ್ಲಾದರೂ ಅರ್ಜಿ ಹಾಕಬಹುದು. ಅಂದರೆ ತಲಪಾಡಿಯ ಈಚೆಗಿನವರು ಮಂಗಳೂರಿನಲ್ಲೂ ಹಾಕಬಹುದು. ಪೊಲೀಸ್ ತನಿಖೆ ಮಾತ್ರ ಅರ್ಜಿಯಲ್ಲಿ ಕೊಟ್ಟ ವಿಳಾಸದಲ್ಲಿ ನಡೆಯುತ್ತದೆ. 36 ಪುಟದ ಸಾಮಾನ್ಯ ಪಾಸ್‌ಪೋರ್ಟ್‌ಗೆ ಶುಲ್ಕ 1,500 ರೂಪಾಯಿ. ತತ್ಕಾಲ್ ಆದರೆ 2,000 ಹೆಚ್ಚು.

2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಜನನ ದಿನಾಂಕದ ಪುರಾವೆಯಾಗಿ ಜನನ ಪತ್ರ ಮಾತ್ರ ನಡೆಯುತ್ತದೆ ಎಂದು 2025ರಲ್ಲಿ ನಿಯಮ ತಿದ್ದುಪಡಿಯಾಗಿದೆ. ಆದ್ದರಿಂದ ಮಂಗಳೂರಿನಲ್ಲಿ ಹೆರಿಗೆಯಾದವರು ಆಸ್ಪತ್ರೆಯ ಫಾರಂ ತುಂಬಿಸುವಾಗಲೇ ಅಪ್ಪ ಅಮ್ಮನ ಹೆಸರನ್ನು ತಮ್ಮ ಪಾಸ್‌ಪೋರ್ಟ್, ಎಸ್‌ಎಸ್‌ಎಲ್‌ಸಿ ಪುಸ್ತಕ ನೋಡಿ ಅಕ್ಷರ ಅಕ್ಷರವಾಗಿ ಬರೆಯಬೇಕು. ಅಂದಾಜಿನಲ್ಲಿ ಹೇಳಿ ಬರೆಸಬಾರದು.

ಅಕ್ಷಯ ಕೇಂದ್ರದಲ್ಲಿ ಅರ್ಜಿ ತುಂಬಿಸುವಾಗ ಕಳಿಸುವ ಗುಂಡಿ ಒತ್ತುವ ಮೊದಲು ಪರದೆಯನ್ನು ನಿಮ್ಮ ಕಡೆ ತಿರುಗಿಸಿ ಓದಿಸಿಕೊಳ್ಳಿ. ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ಸ್ಥಳ, ದಿನಾಂಕ. ಐದು ನಿಮಿಷದ ಕೆಲಸ. ಪಾಸ್‌ಪೋರ್ಟ್‌ನ ಮೊದಲ ಮತ್ತು ಕೊನೆಯ ಪುಟ, ವೀಸಾ, ಕೆಲಸದ ಕರಾರು ಇವುಗಳ ಪ್ರತಿ ಮನೆಯಲ್ಲಿ ಒಬ್ಬರ ಕೈಯಲ್ಲಿರಲಿ. ಹೋದಲ್ಲಿ ಪುಸ್ತಕ ಕಳೆದರೆ ಅಥವಾ ಯಾರಾದರೂ ಕಿತ್ತಿಟ್ಟುಕೊಂಡರೆ ದೂತಾವಾಸದಲ್ಲಿ ನಿಮ್ಮ ಗುರುತು ಹೇಳುವುದು ಆ ಪ್ರತಿಯೇ.

ಒಂದು ಬೇಡಿಕೆಯನ್ನೂ ಇಲ್ಲಿ ಇಡಬೇಕು. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಕನ್ನಡಿಗರು ಅಂಗೀಕೃತ ಭಾಷಾ ಅಲ್ಪಸಂಖ್ಯಾತರು. ಪಾಸ್‌ಪೋರ್ಟ್, ವೀಸಾ, ಎಮಿಗ್ರೇಷನ್ ಬಗ್ಗೆ ನೋರ್ಕಾ ಮತ್ತು ಜಿಲ್ಲಾಡಳಿತ ಕೊಡುವ ಎಚ್ಚರಿಕೆಗಳು ಮಲಯಾಳದಲ್ಲಿ ಬಂದರೆ ಕನ್ನಡ ಮಾತ್ರ ಓದಬಲ್ಲ ಹಿರಿಯರಿಗೆ, ತಾಯಂದಿರಿಗೆ ತಲುಪುವುದು ಏಜೆಂಟನ ಬಾಯಿಯಿಂದ. ಇಲ್ಲಿನ ಅಕ್ಷಯ ಕೇಂದ್ರ, ಪಂಚಾಯತ್ ಕಚೇರಿಗಳಲ್ಲಿ ಒಂದು ಪುಟದ ಕನ್ನಡ ಮಾಹಿತಿ ತೂಗುಹಾಕಿದರೆ ಸರಕಾರಕ್ಕೆ ದೊಡ್ಡ ಖರ್ಚೇನೂ ಬಾರದು. ಪಂಚಾಯತ್ ಸದಸ್ಯರು ಗ್ರಾಮಸಭೆಯಲ್ಲಿ ಈ ವಿಷಯ ಎತ್ತಬೇಕು.

ಅಲ್ಲಿಯವರೆಗೆ ನಾವು ಮಾಡಬಹುದಾದ ಕೆಲಸ ಒಂದಿದೆ. ಮುಂದಿನ ಆದಿತ್ಯವಾರ ಕಪಾಟಿನಿಂದ ಮನೆಮಂದಿಯ ಜನನ ಪತ್ರ, ಎಸ್‌ಎಸ್‌ಎಲ್‌ಸಿ ಪುಸ್ತಕ, ಆಧಾರ್, ಪಾಸ್‌ಪೋರ್ಟ್ ಎಲ್ಲ ಹೊರತೆಗೆದು ಮೇಜಿನ ಮೇಲೆ ಸಾಲಾಗಿ ಇಡಿ. ಒಬ್ಬರು ಓದಲಿ, ಇನ್ನೊಬ್ಬರು ನೋಡಲಿ. ವ್ಯತ್ಯಾಸ ಕಂಡರೆ ಊರಲ್ಲಿರುವಾಗಲೇ ತಿದ್ದಿಸಿಕೊಳ್ಳಿ. ವಿಮಾನದ ಟಿಕೆಟ್ ಆಮೇಲೆ ಮಾಡಿದರಾಯಿತು.